ಅಂತರಜಾಲದ ಅಖಾಡದಲ್ಲಿ ಹೊಸಬನ ಪಾಡು



ಗರಡಿಮನೆಯಲ್ಲಿ ಜೋಡಿ ಕಟ್ಟುವಾಗ ಉಸ್ತಾದರು ಮೊದಲು ನೋಡುವುದು ಇಬ್ಬರ ಮೈಕಟ್ಟನ್ನು. ನಿನ್ನೆ ಮೊನ್ನೆ ಮಣ್ಣಿಗಿಳಿದ ಹುಡುಗನನ್ನು ಹತ್ತು ವರ್ಷ ಸಾಮು ಮಾಡಿದವನ ಎದುರು ಬಿಡುವುದಿಲ್ಲ. ಬಿಟ್ಟರೆ ನೋಡುವವರಿಗೆ ಸ್ವಾರಸ್ಯವಿಲ್ಲ. ಹುಡುಗ ಮಾರನೆಯ ದಿನ ಗರಡಿಯ ಕಡೆ ತಲೆ ಹಾಕುವುದೂ ಇಲ್ಲ. ಆದರೆ ಸಾವಿರಾರು ಜನ ಏಕಕಾಲಕ್ಕೆ ಇಳಿಯುವ, ಒಬ್ಬರ ಮುಖವನ್ನು ಇನ್ನೊಬ್ಬರು ಕಾಣದ ಅಖಾಡವೊಂದಿದ್ದರೆ ಅಲ್ಲಿ ಜೋಡಿ ಕಟ್ಟುವವರು ಯಾರು? ಅಂತರಜಾಲದ ಪಾತ್ರಧಾರಿ ಆಟಗಳು ಅಂಥ ಅಖಾಡಗಳು. ಆಟಗಾರನು ಒಂದು ಪಾತ್ರವನ್ನು ತಾಳಿ, ಕಾಲ್ಪನಿಕ ರಾಜ್ಯವೊಂದನ್ನು ಹೊಕ್ಕು, ಕತ್ತಿಯನ್ನೋ ಬಿಲ್ಲನ್ನೋ ಮಂತ್ರವನ್ನೋ ಕಲಿತು, ದಿನದಿಂದ ದಿನಕ್ಕೆ ಬಲಿಯುತ್ತಾ ಹೋಗುತ್ತಾನೆ. ರಾಜ್ಯವು ಆಟದ ಕಂಪನಿಯ ಸರ್ವರಿನಲ್ಲಿರುತ್ತದೆ. ನೀವು ಮಲಗಿದ ಮೇಲೂ ಅದು ನಡೆಯುತ್ತಲೇ ಇರುತ್ತದೆ.

ಈ ಆಟಗಳನ್ನು ಆಡುವವರಲ್ಲಿ ಎರಡು ದೂರುಗಳು ಮೊದಲಿನಿಂದಲೂ ಕೇಳಿಬರುತ್ತವೆ. ಒಂದು, ಇಂಥ ಆಯುಧ ಅತಿಯಾಯಿತು, ಇಂಥ ಪಾತ್ರ ಸೊರಗಿತು, ಬಲಾಬಲ ಸರಿಯಿಲ್ಲ ಎಂಬುದು. ಇನ್ನೊಂದು, ಹೊಸಬರಿಗೆ ಇಲ್ಲಿ ಬಾಳುವೆಯಿಲ್ಲ ಎಂಬುದು. ಎರಡೂ ಬೇರೆ ಬೇರೆ ದೂರುಗಳಂತೆ ಕಾಣುತ್ತವೆ, ನಿಜ. ಆದರೆ ಮೊದಲನೆಯ ದೂರನ್ನು ಹೇಳುವುದಕ್ಕೆ ಸಾವಿರ ಬಾಯಿಗಳಿವೆ. ಎರಡನೆಯದು ಯಾರದೋ ಅವನಿಗೆ ಬಾಯಿಯಿಲ್ಲ. ನಾನು ಇಂದು ಹೇಳಹೊರಟಿರುವುದು ಹೆಚ್ಚಾಗಿ ಈ ವ್ಯತ್ಯಾಸದ ಬಗ್ಗೆ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಒಂದು ಆಟವನ್ನು ಬರೆಯತೊಡಗಿದ. ರಿಚರ್ಡ್ ಬಾರ್ಟಲ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಅದನ್ನು ಮುಂದುವರಿಸಿದ. ಹೆಸರು ‘ಮಡ್’, ಹಲವರು ಒಟ್ಟಿಗೆ ಇಳಿಯುವ ನೆಲಮಾಳಿಗೆ ಎಂದು ಅರ್ಥ. ಚಿತ್ರವಿಲ್ಲ, ಬಣ್ಣವಿಲ್ಲ, ಬರಿಯ ಅಕ್ಷರಗಳು. ಉತ್ತರಕ್ಕೆ ಹೋಗು ಎಂದು ಬೆರಳಚ್ಚಿಸಿದರೆ ಉತ್ತರದಲ್ಲಿ ಏನಿದೆ ಎಂಬ ವರ್ಣನೆ ತೆರೆಯ ಮೇಲೆ ಬರುತ್ತಿತ್ತು. ಇಷ್ಟು ಸರಳವಾದ ಆಟದಲ್ಲೂ ಒಬ್ಬ ಆಟಗಾರ ಇನ್ನೊಬ್ಬನನ್ನು ಕೊಲ್ಲಬಹುದಾಗಿತ್ತು. ಆದ್ದರಿಂದ ಜಗಳವೂ ಅಂದೇ ಹುಟ್ಟಿತೆನ್ನಬಹುದು.

ಹನ್ನೊಂದು ವರ್ಷಗಳ ನಂತರ, 1989ರ ನವೆಂಬರಿನಿಂದ 1990ರ ಮೇ ತಿಂಗಳವರೆಗೆ, ಬ್ರಿಟನ್ನಿನ ಇಂಥದೇ ಒಂದು ಆಟದ ಪಳಗಿದ ಆಟಗಾರರ ನಡುವೆ ದೀರ್ಘವಾದ ಚರ್ಚೆ ನಡೆಯಿತು. ನಾವು ಇಲ್ಲಿಗೆ ಬರುವುದಾದರೂ ಯಾತಕ್ಕೆ ಎಂಬುದೇ ವಿಷಯ. ಒಬ್ಬೊಬ್ಬರ ಉತ್ತರ ಒಂದೊಂದು. ಆ ಉತ್ತರಗಳನ್ನು ಜೋಡಿಸಿ ಬಾರ್ಟಲ್ 1996ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಈ ಕ್ಷೇತ್ರದ ಮೊದಲ ಪಾಠ. ಆಟಗಾರರು ನಾಲ್ಕು ಬಗೆ ಎಂದು ಅವರು ಹೇಳಿದರು: ಮಟ್ಟದ ಮೇಲೆ ಮಟ್ಟ ಏರುವ ಸಾಧಕರು, ಮೂಲೆ ಮೂಲೆ ಕೆದಕುವ ಶೋಧಕರು, ನಾಲ್ಕು ಮಾತಾಡಲು ಬರುವ ಸ್ನೇಹಜೀವಿಗಳು, ಇನ್ನೊಬ್ಬರನ್ನು ಬಡಿಯಲೆಂದೇ ಬರುವ ಕೊಲೆಗಡುಕರು. ಇಸ್ಪೀಟಿನ ನಾಲ್ಕು ರಂಗುಗಳಿಗೆ ಇವರನ್ನು ಹೋಲಿಸಿದ್ದರಲ್ಲಿ ಸ್ವಲ್ಪ ತಮಾಷೆಯೂ ಇದೆ. ಆ ರಂಗುಗಳ ಇಂಗ್ಲಿಷ್ ಹೆಸರುಗಳಲ್ಲಿ ಒಂದಕ್ಕೆ ಗುದ್ದಲಿ ಎಂದೂ ಇನ್ನೊಂದಕ್ಕೆ ದೊಣ್ಣೆ ಎಂದೂ ಅರ್ಥ. ಅಗೆಯುವವನಿಗೆ ಗುದ್ದಲಿ, ಬಡಿಯುವವನಿಗೆ ದೊಣ್ಣೆ!

ಆದರೆ ಪ್ರಬಂಧದ ತಿರುಳು ಈ ವಿಂಗಡಣೆಯಲ್ಲಿಲ್ಲ. ಒಂದು ಬಗೆಯವರ ಸಂಖ್ಯೆ ಹೆಚ್ಚಿದರೆ ಮಿಕ್ಕವರ ಸಂಖ್ಯೆ ಏನಾಗುತ್ತದೆ ಎಂಬ ಲೆಕ್ಕದಲ್ಲಿದೆ. ಜೀವಶಾಸ್ತ್ರ ಓದುವವರಿಗೆ ತೋಳ-ಜಿಂಕೆಗಳ ಲೆಕ್ಕ ಗೊತ್ತಿರುತ್ತದೆ. ತೋಳ ಹೆಚ್ಚಿದರೆ ಜಿಂಕೆ ಕಡಿಮೆ. ಜಿಂಕೆ ಕಡಿಮೆಯಾದರೆ ತೋಳಕ್ಕೆ ಉಪವಾಸ. ತೋಳ ಇಳಿದ ಮೇಲೆ ಮತ್ತೆ ಜಿಂಕೆ ಮರಿ ಹಾಕಿ ಹೆಚ್ಚುತ್ತದೆ. ಆಟದಲ್ಲಿಯೂ ಮೊದಲ ಎರಡು ಹೆಜ್ಜೆ ಹೀಗೆಯೇ. ಮೂರನೆಯ ಹೆಜ್ಜೆ ಮಾತ್ರ ತಪ್ಪುತ್ತದೆ, ಏಕೆಂದರೆ ಇಲ್ಲಿನ ಜಿಂಕೆ ಮರಿ ಹಾಕುವುದಿಲ್ಲ. ಹೊಸ ಜಿಂಕೆ ಹೊರಗಿನಿಂದಲೇ ಬರಬೇಕು. ಬಂದದ್ದು ಮೊದಲ ಸಂಜೆಯೇ ಸತ್ತು, ಬೇಸರಪಟ್ಟು ಹಿಂತಿರುಗಿದರೆ ಕಾಡು ಖಾಲಿಯಾಗುತ್ತದೆ.

ಪ್ರಬಂಧ ಪ್ರಕಟವಾದ ಮರುವರ್ಷವೇ ಇದರ ದೊಡ್ಡ ಪ್ರಯೋಗ ನಡೆಯಿತು. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನ ಒರಿಜಿನ್ ಸಿಸ್ಟಮ್ಸ್ ಕಂಪನಿ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟವನ್ನು ತೆರೆಯಿತು. ಅದರ ಕರ್ತೃ ರಿಚರ್ಡ್ ಗ್ಯಾರಿಯಟ್ ಆಟದೊಳಗೆ ಲಾರ್ಡ್ ಬ್ರಿಟಿಷ್ ಎಂಬ ರಾಜ. ಆಟ ತೆರೆಯುವ ಮುನ್ನ ಆಗಸ್ಟಿನಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ರಾಜರ ಸವಾರಿ ಪ್ರಜೆಗಳ ಮುಂದೆ ಬಂತು. ಅಷ್ಟರಲ್ಲಿ ಒಬ್ಬ ಪ್ರಜೆ ಬೆಂಕಿಯ ಮಂತ್ರವನ್ನು ಪ್ರಯೋಗಿಸಿದ, ರಾಜ ಸತ್ತುಬಿದ್ದ. ಸರ್ವರ್ ಕುಸಿದು ಮತ್ತೆ ಶುರುವಾದಾಗ ರಾಜನಿಗೆ ಕೊಟ್ಟಿದ್ದ ಅಮರತ್ವವನ್ನು ಮತ್ತೆ ಹಚ್ಚುವುದು ಮರೆತುಹೋಗಿತ್ತಂತೆ. ರಾಜನ ಪಾಡೇ ಹೀಗಾದರೆ ಪ್ರಜೆಯ ಗತಿ ಕೇಳಬೇಕೆ?

ಅಲ್ಲಿನ ನಿಯಮ ಸರಳವಾಗಿತ್ತು. ಊರೊಳಗೆ ಕಾವಲುಗಾರರಿದ್ದಾರೆ, ಅಪರಾಧ ಮಾಡಿದವನನ್ನು ಕ್ಷಣದಲ್ಲಿ ಕೊಲ್ಲುತ್ತಾರೆ. ಊರಾಚೆ ಕಾನೂನಿಲ್ಲ. ಸತ್ತವನ ಮೈಮೇಲಿದ್ದುದನ್ನೆಲ್ಲ ಯಾರು ಬೇಕಾದರೂ ದೋಚಬಹುದು. ಜನರೇ ಸಂಘ ಕಟ್ಟಿಕೊಂಡು ದರೋಡೆಕೋರರನ್ನು ಹಿಡಿಯುತ್ತಾರೆ, ಸಮಾಜವು ತಾನಾಗಿ ರೂಪುಗೊಳ್ಳುತ್ತದೆ ಎಂಬುದು ಕರ್ತೃಗಳ ಆಸೆ. ಕಾಡಿನ ಪ್ರಾಣಿಗಳಿಗೂ ಅವರು ಒಂದು ಆಹಾರ ಸರಪಳಿಯನ್ನು ರಚಿಸಿದ್ದರು. ಆಟಗಾರರು ಕಣ್ಣಿಗೆ ಬಿದ್ದುದನ್ನೆಲ್ಲ ಕೊಂದುಹಾಕಿದ್ದರಿಂದ ಆ ಸರಪಳಿ ನಿಲ್ಲಲೇ ಇಲ್ಲ. ಮನುಷ್ಯರ ವಿಷಯದಲ್ಲೂ ಅದೇ ಆಯಿತು. ಊರಬಾಗಿಲ ಹೊರಗೆ ಗಣಿಗೋ ಕಟ್ಟಿಗೆಗೋ ಹೊರಟ ಹೊಸಬನನ್ನು ಕಾದು ಕೊಲ್ಲುವುದು ಕೆಲವರ ನಿತ್ಯದ ಕಸುಬಾಯಿತು. ಕೊಲೆಗಾರನ ಹೆಸರನ್ನು ಕೆಂಪು ಬಣ್ಣದಲ್ಲಿ ತೋರಿಸುವಂತಹ ಉಪಾಯಗಳನ್ನು ಮಾಡಿದರು, ಸಾಲಲಿಲ್ಲ.

ಕೊನೆಗೆ 2000ದಲ್ಲಿ ಇಡೀ ಜಗತ್ತಿನ ಒಂದು ನಕಲನ್ನು ಮಾಡಿದರು. ಹಳೆಯದಕ್ಕೆ ಫೆಲೂಕ, ಹೊಸದಕ್ಕೆ ಟ್ರಾಮೆಲ್ ಎಂದು ಹೆಸರು. ಅದೇ ಬೆಟ್ಟ, ಅದೇ ಊರು. ಆದರೆ ಟ್ರಾಮೆಲ್‌ನಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಕೊಲ್ಲುವಂತಿಲ್ಲ. ಜನ ಗುಂಪುಗುಂಪಾಗಿ ಅಲ್ಲಿಗೆ ಗುಳೆ ಹೋದರು. ಫೆಲೂಕದಲ್ಲಿ ಉಳಿದವರು ಆಟದ ಆತ್ಮವೇ ಹೋಯಿತೆಂದು ಇಂದಿಗೂ ಹಲುಬುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಅಪಾಯವಿಲ್ಲದ ಕಾಡಿನಲ್ಲಿ ಧೈರ್ಯಕ್ಕೆ ಬೆಲೆಯಿಲ್ಲ. ಆದರೆ ಒಂದನ್ನು ಗಮನಿಸಬೇಕು: ಅವರು ಬಯಸುವ ಅಪಾಯವನ್ನು ಅನುಭವಿಸಬೇಕಾದವರು ಬಹುಪಾಲು ಬೇರೆಯವರು.

ಈಗ ಬಲಾಬಲದ ಲೆಕ್ಕಕ್ಕೆ ಬರೋಣ. ಇದಕ್ಕೆ ‘ರೂನ್‌ಸ್ಕೇಪ್’ ಎಂಬ ಆಟವನ್ನು ತೆಗೆದುಕೊಳ್ಳುತ್ತೇನೆ. ಆಂಡ್ರ್ಯೂ ಗೋವರ್ ಎಂಬ ತರುಣ ತನ್ನ ಸೋದರ ಪಾಲ್ ಜೊತೆಗೂಡಿ ಕಟ್ಟಿ 2001ರ ಜನವರಿಯಲ್ಲಿ ತೆರೆದ ಆಟ ಇದು. ಅದನ್ನು ನಡೆಸುವ ಜಾಗೆಕ್ಸ್ ಕಂಪನಿ ಕೇಂಬ್ರಿಜ್‌ನಲ್ಲಿದೆ. ಅಲ್ಲಿ ಯುದ್ಧದ ಬಗೆ ಮೂರು: ಕೈಯಾಯುಧ, ಬಿಲ್ಲು, ಮಂತ್ರ. ಕತ್ತಿಯವನು ಬಿಲ್ಲುಗಾರನನ್ನು ಗೆಲ್ಲುತ್ತಾನೆ, ಬಿಲ್ಲುಗಾರ ಮಂತ್ರವಾದಿಯನ್ನು, ಮಂತ್ರವಾದಿ ಕತ್ತಿಯವನನ್ನು. ಇದು ಕೇವಲ ಕಥೆಯಲ್ಲ, ಅಂಕಿಗಳಲ್ಲೇ ಅಡಗಿದೆ. ಲೋಹದ ಕವಚ ತೊಟ್ಟರೆ ಕತ್ತಿಯೇಟಿನಿಂದ ರಕ್ಷಣೆ ಹೆಚ್ಚುತ್ತದೆ, ಮಂತ್ರದಿಂದ ರಕ್ಷಣೆ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. ಆಟದ ಗಡಿಯಾರ 0.6 ಸೆಕೆಂಡಿಗೊಮ್ಮೆ ಮಿಡಿಯುತ್ತದೆ; ಪ್ರತಿಯೊಂದು ಏಟೂ ಇಂತಿಷ್ಟು ಮಿಡಿತಕ್ಕೊಮ್ಮೆ.

ಉದಾಹರಣೆಗೆ ನಾಲ್ಕು ಮಿಡಿತಕ್ಕೊಮ್ಮೆ, ಅಂದರೆ 2.4 ಸೆಕೆಂಡಿಗೊಮ್ಮೆ ಬೀಸುವ ಒಂದು ಕತ್ತಿ ಇದೆಯೆನ್ನಿ. ಗರಿಷ್ಠ ಏಟು 20. ನೂರಕ್ಕೆ 60 ಬಾರಿ ತಾಗುತ್ತದೆ. ತಾಗಿದಾಗ ಸೊನ್ನೆಯಿಂದ 20ರವರೆಗೆ ಯಾವ ಅಂಕಿಯಾದರೂ ಬರಬಹುದು, ಸರಾಸರಿ 10. ಹಾಗಾದರೆ ಒಂದು ಬೀಸಿಗೆ ಸರಾಸರಿ 6, ಸೆಕೆಂಡಿಗೆ 2.5. ಇನ್ನೊಂದು ಆಯುಧದ ಗರಿಷ್ಠ ಏಟು ಕೇವಲ 12, ಆದರೆ 1.2 ಸೆಕೆಂಡಿಗೊಮ್ಮೆ. ತಾಗುವ ಪ್ರಮಾಣ ಅಷ್ಟೇ. ಒಂದು ಏಟಿಗೆ 3.6, ಸೆಕೆಂಡಿಗೆ 3. ಎರಡನೆಯದೇ ಮೇಲು ಎಂದು ನೀವು ಉತ್ತರ ಬರೆಯುತ್ತೀರಿ. ಗುಹೆಯಲ್ಲಿ ರಾಕ್ಷಸನನ್ನು ಕೊಲ್ಲುವವನಿಗೆ ಆ ಉತ್ತರ ಸರಿ. ಇನ್ನೊಬ್ಬ ಆಟಗಾರನೊಡನೆ ಕಾದಾಡುವವನು ಒಪ್ಪುವುದಿಲ್ಲ. ಏಕೆಂದರೆ ಎದುರಾಳಿ ಮನುಷ್ಯ; ಪ್ರಾಣ ಇಳಿಯುತ್ತಿದೆ ಎಂದು ಕಂಡೊಡನೆ ಚೀಲದಿಂದ ಮೀನು ತೆಗೆದು ತಿಂದು ಚೇತರಿಸಿಕೊಳ್ಳುತ್ತಾನೆ. ಅವನನ್ನು ಕೆಡವಬೇಕಾದರೆ ತಿನ್ನಲು ಬಿಡುವು ಕೊಡದಂತೆ ಒಂದೇ ದೊಡ್ಡ ಏಟು ಬೇಕು. ಸರಾಸರಿ ಕಡಿಮೆಯಿದ್ದರೂ 20ರ ಕತ್ತಿಯೇ ಅವನಿಗೆ ಮೇಲು. ಒಂದೇ ಆಯುಧದ ಬಗ್ಗೆ ಇಬ್ಬರು ಅನುಭವಿಗಳು ವಿರುದ್ಧ ಅಭಿಪ್ರಾಯ ಕೊಡುತ್ತಾರೆ, ಇಬ್ಬರೂ ಸರಿ. ಬಲಾಬಲದ ಚರ್ಚೆ ಮುಗಿಯದಿರುವುದಕ್ಕೆ ಅರ್ಧ ಕಾರಣ ಇದು.

ಇನ್ನರ್ಧ ಕಾರಣ ಆಟಗಾರರ ಜಾಣತನ. ರೂನ್‌ಸ್ಕೇಪಿನ ಉತ್ತರದಲ್ಲಿ ಆಟಗಾರರು ಪರಸ್ಪರ ಕೊಲ್ಲಬಹುದಾದ ಒಂದು ಬೀಡಿದೆ. ಹೊಸಬರ ರಕ್ಷಣೆಗೆ ಅಲ್ಲೊಂದು ಸೊಗಸಾದ ನಿಯಮವಿದೆ. ಬೀಡಿನೊಳಗೆ ಐದನೇ ಅಂಚಿನಲ್ಲಿ ನಿಂತಿದ್ದರೆ ನಿಮಗಿಂತ ಐದು ಮಟ್ಟ ಹೆಚ್ಚು ಅಥವಾ ಕಡಿಮೆ ಇರುವವರು ಮಾತ್ರ ನಿಮ್ಮ ಮೇಲೆ ಬೀಳಬಹುದು. ಇಪ್ಪತ್ತನೇ ಅಂಚಿನಲ್ಲಿ ಇಪ್ಪತ್ತು ಮಟ್ಟ. ಒಳಗೆ ಹೋದಷ್ಟೂ ಅಪಾಯ ಹೆಚ್ಚು. ಗರಡಿಯ ಉಸ್ತಾದನ ಕೆಲಸವನ್ನು ಒಂದು ಸೂತ್ರಕ್ಕೆ ಒಪ್ಪಿಸಿದ ಹಾಗಾಯಿತಲ್ಲವೇ? ಆದರೆ ಯುದ್ಧದ ಮಟ್ಟವನ್ನು ಲೆಕ್ಕಹಾಕುವಾಗ ರಕ್ಷಣೆಯ ಕೌಶಲವೂ ಸೇರುತ್ತದೆ. ಕೆಲವರು ರಕ್ಷಣೆಯನ್ನು ಒಂದನೇ ಮಟ್ಟದಲ್ಲೇ ಇಟ್ಟು ಬರೀ ಬಲವನ್ನು ಬೆಳೆಸಿದರು. ಹೊರಗಿನಿಂದ ನೋಡಿದರೆ ಸಣ್ಣ ಮಟ್ಟ, ಏಟು ಮಾತ್ರ ದೊಡ್ಡದು. ತೂಕದ ಕಾಟಾ ಹತ್ತುವ ಮುನ್ನ ಹೊಟ್ಟೆ ಒಣಗಿಸುವ ಪೈಲ್ವಾನನ ಉಪಾಯದಂತೆ ಇದು.

ಜಾಗೆಕ್ಸ್ ಕಂಪನಿ ಆಟಗಾರರ ಅಭಿಪ್ರಾಯದೊಂದಿಗೆ ಹೆಣಗಿದ ಚರಿತ್ರೆಯೂ ಸ್ವಾರಸ್ಯವಾಗಿದೆ. ಆಟದೊಳಗಿನ ಚಿನ್ನವನ್ನು ನಿಜವಾದ ಹಣಕ್ಕೆ ಮಾರುವ ದಂಧೆ ಬೆಳೆದಾಗ, ಕಂಪನಿಯು 2007ರ ಡಿಸೆಂಬರಿನಲ್ಲಿ ಮುಕ್ತ ವಿನಿಮಯವನ್ನೂ ಬೀಡಿನ ಕಾದಾಟವನ್ನೂ ನಿಲ್ಲಿಸಿತು. ಬೇಕೆಂದೇ ಸತ್ತು ಚಿನ್ನವನ್ನು ದಾಟಿಸಬಹುದಾಗಿದ್ದರಿಂದ ಕಾದಾಟವೂ ಹೋಗಬೇಕಾಯಿತು. ಆಟದೊಳಗೇ ಪ್ರತಿಭಟನೆಗಳು ನಡೆದವು. ಮೂರು ವರ್ಷಗಳ ನಂತರ ಮತ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮತ ಬಿದ್ದು, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹಳೆಯದೇ ಬೇಕೆಂದರು. 2011ರ ಫೆಬ್ರವರಿಯಲ್ಲಿ ಎರಡೂ ಮರಳಿದವು. ಜೊತೆಗೆ ಯಂತ್ರಚಾಲಿತ ಕಳ್ಳ ಪಾತ್ರಗಳ ಹಾವಳಿಯೂ ಮರಳಿತು.

2012ರ ನವೆಂಬರಿನಲ್ಲಿ ಕಂಪನಿ ಯುದ್ಧಪದ್ಧತಿಯನ್ನೇ ಬುಡಮೇಲು ಮಾಡಿತು. ಅದುವರೆಗೆ ಒಮ್ಮೆ ಒತ್ತಿ ಕಾದರೆ ಸಾಕಾಗಿದ್ದ ಕಡೆ, ಸಾಲು ಸಾಲು ಗುಂಡಿಗಳನ್ನು ಸಮಯಕ್ಕೆ ಸರಿಯಾಗಿ ಒತ್ತುವ ಹೊಸ ರೀತಿ ಬಂತು. ಕಾಗದದ ಮೇಲೆ ಅದು ಹೆಚ್ಚು ಸಮತೋಲವಾಗಿತ್ತೋ ಏನೋ. ಹಳಬರು ವರ್ಷಗಟ್ಟಲೆ ಬೆರಳಿಗೆ ಕಲಿಸಿದ್ದ ವಿದ್ಯೆ ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಂತಾಯಿತು. ಅನೇಕರು ಬಿಟ್ಟುಹೋದರು. 2013ರ ಫೆಬ್ರವರಿಯಲ್ಲಿ ಕಂಪನಿ ಮತ್ತೆ ಮತ ಕೇಳಿತು. ಸುಮಾರು ನಾಲ್ಕೂವರೆ ಲಕ್ಷ ಮಂದಿ ಹಳೆಯ ಆಟವನ್ನು ಕೇಳಿದರು. 2007ರ ಆಗಸ್ಟಿನ ಒಂದು ಪ್ರತಿ ಉಳಿದಿತ್ತು. ಅದನ್ನೇ ಹೊರತೆಗೆದು ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಎಂದು ತೆರೆದರು. ಅಲ್ಲಿಂದ ಮುಂದೆ ದೊಡ್ಡ ಬದಲಾವಣೆಗಳಿಗೆ ನೂರಕ್ಕೆ 75 ಮತ ಬೀಳಬೇಕೆಂಬ ಪದ್ಧತಿ ಬಂತು; 2022ರಲ್ಲಿ ಅದು 70ಕ್ಕೆ ಇಳಿಯಿತು. ಒಂದು ಆಟದ ರಾಜ್ಯದಲ್ಲಿ ಇಷ್ಟರ ಮಟ್ಟಿನ ಪ್ರಜಾಪ್ರಭುತ್ವ ಅಪರೂಪ. ಆದರೂ ಎಲ್ಲವನ್ನೂ ಮತಕ್ಕೆ ಬಿಡಲಾಗಲಿಲ್ಲ. 2015ರಲ್ಲಿ ಬಂದ ಒಂದು ಊದುಕೊಳವೆ ಬಹುತೇಕ ಬಿಲ್ಲುಗಳನ್ನು ಮೂಲೆಗೆ ತಳ್ಳಿತ್ತು. ತಮ್ಮ ಕೈಯಲ್ಲಿರುವ ಆಯುಧದ ಬಲವನ್ನು ತಗ್ಗಿಸಿ ಎಂದು ಯಾರು ತಾನೆ ಮತ ಹಾಕುತ್ತಾರೆ? 2021ರಲ್ಲಿ ಕಂಪನಿಯೇ ಅದರ ಬಲವನ್ನು ಇಳಿಸಿತು.

ಇಷ್ಟು ಮತಗಳ ನಡುವೆ ಹೊಸಬನ ಮತ ಎಲ್ಲಿ? ಸಾಮಾನ್ಯವಾಗಿ ಈ ಮತದಾನದಲ್ಲಿ ಭಾಗವಹಿಸಲು ಚಂದಾ ಕಟ್ಟಿದ ಸದಸ್ಯನಾಗಿರಬೇಕು, ಒಟ್ಟು ಮಟ್ಟ ಇಂತಿಷ್ಟು ಮುಟ್ಟಿರಬೇಕು. ಕಳ್ಳಮತ ತಡೆಯುವುದಕ್ಕೆ ಇದು ಬೇಕು, ಒಪ್ಪೋಣ. ಆದರೆ ಮೊದಲ ಸಂಜೆಯೇ ಬಿಟ್ಟುಹೋದವನು ಈ ಲೆಕ್ಕಕ್ಕೆ ಬರುವುದೇ ಇಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಇದು ಚಿರಪರಿಚಿತ. ಹೊಗಳಿ ಬರೆಯಲಿ, ತೆಗಳಿ ಬರೆಯಲಿ, ಪತ್ರ ಬರೆಯುವವರು ಕಾರ್ಯಕ್ರಮವನ್ನು ಕೊನೆಯವರೆಗೆ ನೋಡಿದವರು. ಎರಡನೇ ನಿಮಿಷಕ್ಕೆ ಬೇರೆ ಚಾನೆಲ್ಲಿಗೆ ಹೋದವರು ಒಂದು ಕಾರ್ಡನ್ನೂ ಹಾಕುವುದಿಲ್ಲ.

ಹೊಸಬನ ಕಷ್ಟ ಹಳಬನಿಗೆ ಕಾಣುವುದಿಲ್ಲ ಎಂಬುದು ಬರೀ ಮಾತಲ್ಲ. ಓಲ್ಡ್ ಸ್ಕೂಲ್ ರೂನ್‌ಸ್ಕೇಪಿನಲ್ಲಿ ಹೊಸಬ ಮೊದಲು ಒಂದು ಪಾಠದ ದ್ವೀಪಕ್ಕೆ ಬರುತ್ತಾನೆ. ಮರ ಕಡಿಯುವುದು, ಬೆಂಕಿ ಹಚ್ಚುವುದು, ಸೀಗಡಿ ಹಿಡಿದು ಬೇಯಿಸುವುದು, ಇಲಿಯೊಡನೆ ಕಾದಾಡುವುದು, ಇಷ್ಟನ್ನು ಕಲಿತು ಲಂಬ್ರಿಜ್ ಎಂಬ ಊರಿಗೆ ಬರುತ್ತಾನೆ. ಯಕ್ಷಗಾನ ಮೇಳದಲ್ಲಿ ಹುಡುಗರು ಮೊದಲು ಕೋಡಂಗಿ, ಬಾಲಗೋಪಾಲರ ವೇಷ ಕಟ್ಟಿ ಹೆಜ್ಜೆ ಕಲಿಯುವುದಿಲ್ಲವೇ, ಹಾಗೆ. ಅವನ ಪ್ರಾಣ ಆಗ 10, ಯುದ್ಧದ ಮಟ್ಟ 3. ಒಂದು ಸೀಗಡಿ ತಿಂದರೆ ಮೂರು ಪ್ರಾಣ ಮರಳುತ್ತದೆ. ಉತ್ತರಕ್ಕೆ ವ್ಯಾರಕ್ ಎಂಬ ದೊಡ್ಡ ನಗರವಿದೆ. ಆ ನಗರದ ದಕ್ಷಿಣಕ್ಕೆ, ದಾರಿಯ ಪಕ್ಕದಲ್ಲೇ, ಕಲ್ಲುಗಳ ವೃತ್ತವೊಂದರಲ್ಲಿ ಕಪ್ಪು ಮಾಂತ್ರಿಕರು ಸುಳಿಯುತ್ತಿರುತ್ತಾರೆ. ಕೆಲವರ ಮಟ್ಟ 7, ಕೆಲವರದು 20. ಹತ್ತಿರ ಸುಳಿದ ಹೊಸಬ ಏನಾಯಿತೆಂದು ತಿಳಿಯುವ ಮೊದಲೇ ಸತ್ತಿರುತ್ತಾನೆ.

ಈಗ ಒಂದು ಸಣ್ಣ ನಿಯಮವನ್ನು ಕೇಳಿ. ಆ ಆಟದಲ್ಲಿ ತಾವಾಗಿ ಮೇಲೆ ಬೀಳುವ ಪ್ರಾಣಿಗಳೂ ರಾಕ್ಷಸರೂ ಸಾಮಾನ್ಯವಾಗಿ ತಮ್ಮ ಮಟ್ಟದ ಎರಡರಷ್ಟಕ್ಕಿಂತ ಹೆಚ್ಚು ಮಟ್ಟದವನ ತಂಟೆಗೆ ಹೋಗುವುದಿಲ್ಲ. ಏಳನೇ ಮಟ್ಟದ ಮಾಂತ್ರಿಕ 15ನೇ ಮಟ್ಟದವನನ್ನು ಮುಟ್ಟುವುದಿಲ್ಲ. 20ರವನು 41ರವನನ್ನು ಮುಟ್ಟುವುದಿಲ್ಲ. ಅಂದರೆ ಹಳಬನು ಅದೇ ದಾರಿಯಲ್ಲಿ ದಿನಕ್ಕೆ ಹತ್ತು ಬಾರಿ ಓಡಾಡಿದರೂ ಅಲ್ಲಿ ಅಪಾಯವೇ ಇರುವುದಿಲ್ಲ. ದಾರಿ ಒಂದೇ, ಜಗತ್ತು ಎರಡು. ವ್ಯಾರಕ್ ದಾರಿ ಹೇಗಿದೆ ಎಂದು ಮತ ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವೇ ಬಂದೀತು, ಪ್ರಾಮಾಣಿಕವಾಗಿಯೇ.

ಅಂಕಿಗಳ ಏರಿಕೆಯೂ ಇದನ್ನು ಹೆಚ್ಚಿಸುತ್ತದೆ. ಒಂದು ಕೌಶಲದಲ್ಲಿ ಒಂದರಿಂದ ಎರಡನೇ ಮಟ್ಟಕ್ಕೆ 83 ಅಂಕ ಸಾಕು. 99ನೇ ಮಟ್ಟಕ್ಕೆ ಒಟ್ಟು 1,30,34,431 ಅಂಕ ಬೇಕು. ಸುಮಾರು ಏಳು ಮಟ್ಟಕ್ಕೊಮ್ಮೆ ಅಗತ್ಯ ಎರಡರಷ್ಟಾಗುತ್ತದೆ. ಚಕ್ರಬಡ್ಡಿಯಲ್ಲಿ ಹೇಳುವುದಾದರೆ ಮಟ್ಟಕ್ಕೆ ಸುಮಾರು ಶೇಕಡಾ ಹತ್ತು. ಹಾಗಾಗಿ 92ನೇ ಮಟ್ಟ ಮುಟ್ಟಿದವನು ಇನ್ನೂ ಅರ್ಧ ದಾರಿಯಲ್ಲಿರುತ್ತಾನೆ. ಇಷ್ಟು ದೂರ ನಡೆದುಬಂದವನಿಗೆ, ಹೊಸಬರಿಗಾಗಿ ಮೊದಲ ಮೈಲಿಯನ್ನು ಸ್ವಲ್ಪ ಸಲೀಸು ಮಾಡೋಣವೆಂದರೆ ರೇಗುತ್ತದೆ. ನಾವು ಪಟ್ಟ ಕಷ್ಟ ಅವರೂ ಪಡಲಿ ಎನ್ನುತ್ತಾನೆ. ಹಾಸ್ಟೆಲುಗಳಲ್ಲಿ ಹೊಸ ವಿದ್ಯಾರ್ಥಿಗಳನ್ನು ಪೀಡಿಸುವವರೂ ಇದೇ ಮಾತನ್ನೇ ಹೇಳುವುದು. ನನಗೆ ಎರಡೂ ಕಡೆ ಒಪ್ಪಿಗೆಯಾಗದ ವಾದ.

ಬಾಯಿಲ್ಲದ ಹೊಸಬನ ಅಭಿಪ್ರಾಯವನ್ನು ತಿಳಿಯುವುದು ಹೇಗೆ? ಅವನು ಎಲ್ಲಿ ಸತ್ತ, ಎಷ್ಟು ಹೊತ್ತಿಗೆ ಬಿಟ್ಟುಹೋದ, ಮತ್ತೆ ಬಂದನೇ ಎಂಬುದನ್ನು ಎಣಿಸಬೇಕು. ಸರ್ವರಿಗೆ ಇದೆಲ್ಲ ಗೊತ್ತಿರುತ್ತದೆ. ಜೊತೆಗೆ ವಿನ್ಯಾಸಕಾರನಿಗೆ ಮಾತಿನ ಸೂಕ್ಷ್ಮವೂ ತಿಳಿದಿರಬೇಕು. 2004ರ ನವೆಂಬರಿನಲ್ಲಿ ಅಮೆರಿಕದ ಬ್ಲಿಜರ್ಡ್ ಕಂಪನಿ ತೆರೆದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಈ ವಿಷಯದಲ್ಲಿ ದೊಡ್ಡ ಪಾಠ. ಅದಕ್ಕೂ ಮುನ್ನ, 1999ರಲ್ಲಿ ಬಂದ ‘ಎವರ್‌ಕ್ವೆಸ್ಟ್’ನಲ್ಲಿ ಸತ್ತರೆ ಗಳಿಸಿದ ಅಂಕ ಕಳೆಯುತ್ತಿತ್ತು, ಸಾಮಾನುಗಳೆಲ್ಲ ಹೆಣದ ಬಳಿಯೇ ಉಳಿಯುತ್ತಿದ್ದವು. ಬರಿಗೈಯಲ್ಲಿ ಹೋಗಿ ತರಬೇಕು. ವಾರ್‌ಕ್ರಾಫ್ಟಿನಲ್ಲಿ ಸತ್ತವನು ಪ್ರೇತವಾಗಿ ಸ್ಮಶಾನದಲ್ಲಿ ಏಳುತ್ತಾನೆ, ಓಡಿಹೋಗಿ ದೇಹವನ್ನು ಸೇರುತ್ತಾನೆ. ಕವಚ ಸ್ವಲ್ಪ ಸವೆಯುತ್ತದೆ, ಅಷ್ಟೇ. 2010ರಲ್ಲಿ ಅದರ ಚಂದಾದಾರರು ಒಂದು ಕೋಟಿ ಇಪ್ಪತ್ತು ಲಕ್ಷ ಮುಟ್ಟಿದರು.

ಆ ಆಟದ ಪರೀಕ್ಷೆಯ ಕಾಲದ ಒಂದು ಸಂಗತಿಯನ್ನು ವಿನ್ಯಾಸಕಾರರೇ ಹೇಳಿಕೊಂಡಿದ್ದಾರೆ. ಹಗಲಿರುಳು ಕೂತವರು ಬಹಳ ಮುಂದೆ ಹೋಗಿ ಮಿಕ್ಕವರು ಹಿಂದುಳಿಯದಿರಲೆಂದು, ಒಂದಷ್ಟು ಹೊತ್ತು ಆಡಿದ ಮೇಲೆ ಬರುವ ಅಂಕವನ್ನು ಅರ್ಧಕ್ಕೆ ಇಳಿಸಿದರು. ಆಟಗಾರರು ಕೆಂಡವಾದರು. ಆಮೇಲೆ ಮಾಡಿದ್ದೇನು? ಪ್ರತಿ ಮಟ್ಟಕ್ಕೆ ಬೇಕಾದ ಅಂಕವನ್ನು ದುಪ್ಪಟ್ಟು ಮಾಡಿ, ಅರ್ಧವನ್ನು ‘ಮಾಮೂಲು’ ಎಂದೂ, ಮೊದಲಿನ ಪೂರ್ಣವನ್ನು ‘ವಿಶ್ರಾಂತಿ ಪಡೆದವನಿಗೆ ಎರಡರಷ್ಟು’ ಎಂದೂ ಕರೆದರು. ಬೀಜಗಣಿತದಲ್ಲಿ ಎರಡೂ ಒಂದೇ. ದೂರು ನಿಂತಿತು. ಆಟಗಾರರನ್ನು ಮೋಸಗೊಳಿಸಿದರೆಂದು ಕೆಲವರು ಹೇಳಿಯಾರು. ನನಗೆ ಹಾಗೆ ಅನ್ನಿಸುವುದಿಲ್ಲ. ಆಟಗಾರರ ಸಿಟ್ಟು ಅಂಕಿಯ ಮೇಲಿರಲಿಲ್ಲ, ದಂಡ ಹಾಕಿಸಿಕೊಂಡ ಭಾವನೆಯ ಮೇಲಿತ್ತು. ಎಲ್ಲಿ ನೋಯುತ್ತಿದೆ ಎಂದು ರೋಗಿ ಸರಿಯಾಗಿಯೇ ಹೇಳುತ್ತಾನೆ; ಯಾವ ಔಷಧ ಎಂಬುದು ಬೇರೆ ಪ್ರಶ್ನೆ.

ಕಾಲಕ್ರಮದಲ್ಲಿ ವಾರ್‌ಕ್ರಾಫ್ಟ್ ಬಹಳ ಬದಲಾಯಿತು. ಮೊದಲಿನ ಒರಟು ಆಟವೇ ಬೇಕೆಂದು ಹಳಬರು ವರ್ಷಗಟ್ಟಲೆ ಕೇಳಿದರು. ನಿಮಗೆ ಬೇಕೆನ್ನಿಸುತ್ತದೆ ಅಷ್ಟೇ, ನಿಜಕ್ಕೂ ಬೇಕಿಲ್ಲ ಎಂಬ ಅರ್ಥದ ಉತ್ತರವೂ 2013ರಲ್ಲಿ ಕಂಪನಿಯಿಂದ ಬಂದಿತ್ತು. ಕಡೆಗೆ 2019ರ ಆಗಸ್ಟಿನಲ್ಲಿ ಆ ಹಳೆಯ ರೂಪವನ್ನು ಮತ್ತೆ ತೆರೆದರು. ಮೊದಲ ದಿನ ಹದಿನೈದು ವರ್ಷದ ಅನುಭವಿಗಳೂ ಒಂದನೇ ಮಟ್ಟದಲ್ಲಿ, ಹರಕು ಅಂಗಿಯಲ್ಲಿ, ಅದೇ ಹೊಸಬರ ಬಯಲಿನಲ್ಲಿ ಬಂದು ನಿಂತರು. ಕೊಲ್ಲಬೇಕಾದ ರಾಕ್ಷಸ ಒಬ್ಬನೇ, ಕೊಂದರೆ ಮತ್ತೆ ಹುಟ್ಟಲು ಸ್ವಲ್ಪ ಹೊತ್ತು ಬೇಕು, ಕಾದಿರುವವರು ನೂರಾರು ಮಂದಿ. ನುಗ್ಗಿ ಮೊದಲ ಏಟು ಹಾಕಿದವನಿಗೇ ಫಲ ಎಂಬುದು ಆಟದ ನಿಯಮ. ಅನೇಕ ಸರ್ವರುಗಳಲ್ಲಿ ಅವರು ನುಗ್ಗಲಿಲ್ಲ. ಯಾರೂ ಹೇಳದೆಯೇ ಒಬ್ಬರ ಹಿಂದೆ ಒಬ್ಬರು, ಬೆಟ್ಟದ ಬುಡದವರೆಗೆ, ಸಾಲುಗಟ್ಟಿ ನಿಂತರು.